ಪ್ಯಾನಲ್‌ಗಳು ಕೂಡುವ ಜಾಗ

ಎಂಜಿನಿಯರ್: ಕೋಲ್ಡ್ ಸ್ಟೋರೇಜಿನ ಗೋಡೆಯನ್ನು ಕಾರ್ಖಾನೆಯಲ್ಲಿ ತಯಾರಾದ ಪಫ್ ಪ್ಯಾನಲ್‌ಗಳಿಂದ ಜೋಡಿಸುತ್ತಾರೆ. ಎರಡೂ ಮೈಗೆ ಅರ್ಧ ಮಿಲಿಮೀಟರ್ ದಪ್ಪದ ಬಣ್ಣದ ಉಕ್ಕಿನ ತಗಡು, ನಡುವೆ ಪಾಲಿಯುರೆಥೇನ್ ನೊರೆ. ಒಂದು ಪ್ಯಾನಲ್‌ನ ಅಂಚಿನುದ್ದಕ್ಕೂ ಚಾಚಿದ ನಾಲಿಗೆ ಇರುತ್ತದೆ, ಪಕ್ಕದ ಪ್ಯಾನಲ್‌ನ ಅಂಚಿನಲ್ಲಿ ಅದೇ ಅಳತೆಯ ಕಚ್ಚು. ಜೋಡಿಸುವ ಹುಡುಗರು ಗಂಡು ಅಂಚು, ಹೆಣ್ಣು ಅಂಚು ಅನ್ನುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಒಣದ್ರಾಕ್ಷಿಗೋ ಲಿಂಬೆಗೋ ಇಂಥ ಕೋಣೆ ಹಾಕಿಸುವವರು ಪ್ಯಾನಲ್ ಎಷ್ಟು ದಪ್ಪ ಎಂದು ಮೊದಲು ವಿಚಾರಿಸುತ್ತಾರೆ. ಅಂಚು ಹೇಗಿದೆ ಎಂದು ವಿಚಾರಿಸುವವರು ಕಡಿಮೆ.

ಬೆಳೆಗಾರ: ದಪ್ಪ ಕೇಳೂದು ತಪ್ಪೇನ್ರಿ ಸಾಹೇಬ್ರ? ಏಪ್ರಿಲ್ ತಿಂಗಳದಾಗ ಇಲ್ಲಿ ಬಿಸಿಲು 40 ಡಿಗ್ರಿ ದಾಟತೈತಿ. ಮಣೂಕ, ಅಂದ್ರ ಒಣದ್ರಾಕ್ಷಿ, ಒಣಗಸೂ ಶೆಡ್ಡಿನಿಂದ ಇಳಿಯೂದೂ ಅದ ಹೊತ್ತಿಗೆ. ತಂಪಿನಾಗ ಇಡಲಿಲ್ಲಂದ್ರ ಹಸಿರು ಬಣ್ಣ ಹೋಗಿ ಕಂದು ಆಗತೈತಿ. ಬಣ್ಣ ಹೋತಂದ್ರ ಸಾಂಗ್ಲಿ, ತಾಸಗಾಂವ ಪ್ಯಾಟ್ಯಾಗ ರೇಟೂ ಹೋತು.

ಎಂಜಿನಿಯರ್: ತಪ್ಪಲ್ಲ ಯಜಮಾನ್ರ, ದಪ್ಪವೂ ಬೇಕು. ಅದರ ಲೆಕ್ಕ ಸುಲಭ. 100 ಮಿಲಿಮೀಟರ್ ದಪ್ಪದ ಪ್ಯಾನಲ್‌ನಲ್ಲಿ ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದರೆ ಪ್ರತಿ ಚದರ ಮೀಟರ್‌ಗೆ ಸುಮಾರು 0.22 ವ್ಯಾಟ್ ಶಾಖ ಒಳಗೆ ಬರುತ್ತದೆ. ಹೊರಗೆ 42, ಒಳಗೆ 4 ಡಿಗ್ರಿ ಇದ್ದರೆ 8 ವ್ಯಾಟ್‌ಗಿಂತ ತುಸು ಹೆಚ್ಚು. ಇದು ಬಹಳ ಕಡಿಮೆ. 1937ರಲ್ಲಿ ಜರ್ಮನಿಯಲ್ಲಿ ಓಟೋ ಬಾಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ರಸಾಯನವನ್ನು ಕಂಡುಹಿಡಿದ ಮೇಲೆ ಬಂದ ಈ ನೊರೆ ಅಷ್ಟು ಒಳ್ಳೆಯ ಶಾಖನಿರೋಧಕ. ಘನ ಮೀಟರ್‌ಗೆ 40 ಕಿಲೋ ಮಾತ್ರ ತೂಗುತ್ತದೆ. ಉಳಿದದ್ದೆಲ್ಲ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಮುಚ್ಚಿಕೊಂಡ ಅನಿಲ.

ಈಗ ಅಂಚಿನ ಲೆಕ್ಕ ನೋಡಿ. ಹೊರ ತಗಡನ್ನು ಅಂಚಿನಲ್ಲಿ ಒಳಕ್ಕೆ ಮಡಚಿ ಒಳ ತಗಡಿಗೆ ಸೇರಿಸಿಬಿಟ್ಟಿದ್ದಾರೆ ಎಂದುಕೊಳ್ಳಿ. ನೋಡುವುದಕ್ಕೆ ಡಬ್ಬಿಯ ಹಾಗೆ ಗಟ್ಟಿಯಾಗಿ ಕಾಣುತ್ತದೆ. ಆದರೆ ಉಕ್ಕು ನೊರೆಗಿಂತ 2000 ಪಟ್ಟಿಗೂ ಮೀರಿ ಶಾಖ ಸಾಗಿಸುತ್ತದೆ. ಮೀಟರಿಗೊಂದು ಕಡೆ ಅರ್ಧ ಮಿಲಿಮೀಟರ್ ದಪ್ಪದ ತಗಡು ಹೊರಗಿನಿಂದ ಒಳಗಿನವರೆಗೆ ತುಂಡಾಗದೆ ಹಾದುಹೋದರೆ, ಆ ತೆಳು ತಗಡೊಂದೇ ಚದರ ಮೀಟರ್‌ಗೆ, ಡಿಗ್ರಿಗೆ ಇನ್ನೂ 0.25 ವ್ಯಾಟ್ ತರುತ್ತದೆ. ಇಡೀ ನೊರೆಯ ಮೂಲಕ ಬರುವುದಕ್ಕಿಂತ ಅದು ಹೆಚ್ಚು. ಪಕ್ಕದ ಪ್ಯಾನಲ್‌ನ ಅಂಚೂ ಹಾಗೆಯೇ ಮಡಚಿದ್ದರೆ ಒಟ್ಟು ಸೋರಿಕೆ ಮೂರು ಪಟ್ಟು ದಾಟುತ್ತದೆ. ಇದು ಸ್ಥೂಲ ಲೆಕ್ಕವೇ, ಆದರೂ ದುಡ್ಡು ಕೊಟ್ಟು ತಂದ ದಪ್ಪವನ್ನು ಕೆಟ್ಟ ಅಂಚು ಹೇಗೆ ತಿಂದುಹಾಕುತ್ತದೆ ಎನ್ನುವುದು ಇದರಿಂದ ತಿಳಿಯುತ್ತದೆ.

ಬೆಳೆಗಾರ: ಹಂಗಾದ್ರ ತಗಡು ಎಲ್ಲಿ ನಿಲ್ಲಬೇಕ್ರಿ?

ಎಂಜಿನಿಯರ್: ಎರಡೂ ತಗಡು ತಮ್ಮ ತಮ್ಮ ಮೈ ಹತ್ತಿರವೇ ನಿಲ್ಲಬೇಕು. ಹೊರ ತಗಡು ಅಂಚಿಗೆ ಬಂದಾಗ ಸ್ವಲ್ಪ ಒಳಕ್ಕೆ ತಿರುಗಿ, ನಾಲಿಗೆಯ ಬುಡದಲ್ಲಿ ಒಂದು ಹೆಜ್ಜೆ ಮಾಡಿ ಮುಗಿಯುತ್ತದೆ. ಒಳ ತಗಡೂ ಹಾಗೆಯೇ. ನಡುವೆ ನೊರೆ ನೊರೆಗೆ ತಾಗುತ್ತದೆ. ಈ ಹೆಜ್ಜೆಯನ್ನು ಉರುಳೆಗಳ ಸಾಲಿನಲ್ಲಿ ಮಾಡುತ್ತಾರೆ. ಸುರುಳಿಯಿಂದ ಬಿಚ್ಚಿದ ತಗಡು ಜೋಡಿ ಉರುಳೆಗಳ ನಡುವೆ ಹಾಯುತ್ತ ಪ್ರತಿ ಜೋಡಿಯಲ್ಲೂ ಸ್ವಲ್ಪ ಸ್ವಲ್ಪ ಬಾಗುತ್ತದೆ. ಒಮ್ಮೆಲೇ ಬಾಗಿಸಿದರೆ ಬಣ್ಣ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ತುಕ್ಕು ಹಿಡಿಯುತ್ತದೆ. ಉರುಳೆ ಸವೆದರೆ ಅಂಚಿನ ಅಳತೆಯೂ ತಪ್ಪುತ್ತದೆ.

ಬೆಳೆಗಾರ: ತಗಡಿನ ಅಂಚು ಮಡಚಿ ಕೂಡಸೂದು ಹೊಸಾದೇನಲ್ರಿ. ತಗಡಿನ ಕೆಲಸದವರು ಬಕೀಟ್, ಕಾಳು ಇಡೂ ಡಬ್ಬಿ ಮಾಡೂವಾಗ ಎರಡು ಅಂಚು ಕೊಂಡಿ ಹಂಗ ಮಡಚಿ ಒಂದರಾಗೊಂದು ಸಿಗಸಿ ಬಡಿದು ಬಿಡ್ತಾರ. ಬೆಸುಗೀನ ಬ್ಯಾಡ, ನೀರೂ ಸೋರಂಗಿಲ್ಲ.

ಎಂಜಿನಿಯರ್: ಅದೇ ಮೂಲ. ಗಾಳಿ ಸಾಗಿಸುವ ಡಕ್ಟ್‌ಗಳ ಮೂಲೆಗಳನ್ನು ಇವತ್ತಿಗೂ ಅದೇ ಕೊಂಡಿಯಿಂದ ಮಾಡುತ್ತಾರೆ. ಒಂದು ತಗಡಿನ ಅಂಚಿನಲ್ಲಿ ಜೇಬು, ಇನ್ನೊಂದರಲ್ಲಿ ನೇರ ಮಡಿಕೆ, ಜೇಬಿನೊಳಗೆ ಇಳಿಸಿ ಮೇಲಿನ ತುಟಿಯನ್ನು ಬಡಿದು ಮಲಗಿಸುವುದು. ಆದರೆ ಅಲ್ಲಿ ತಗಡು ತಗಡಿಗೆ ಅಪ್ಪಿಕೊಳ್ಳುವುದೇ ಬಲ. ತಂಪು ಕೋಣೆಯ ಗೋಡೆಯಲ್ಲಿ ಆ ಅಪ್ಪುಗೆ ಒಂದು ಮೈಯಿಂದ ಇನ್ನೊಂದು ಮೈಗೆ ದಾಟಬಾರದು. ಈ ವಿರೋಧವನ್ನು ಬಗೆಹರಿಸುವುದಕ್ಕೇ ಅಂಚಿನ ಆಕಾರಗಳಲ್ಲಿ ಇಷ್ಟೊಂದು ಬಗೆ ಹುಟ್ಟಿರುವುದು. ಎರಡು ಪ್ಯಾನಲ್‌ಗಳ ಮೈ ಒಂದೇ ಸಮತಲದಲ್ಲಿ ನಿಲ್ಲಬೇಕು, ಗಾಳಿಯ ಒತ್ತಡಕ್ಕೆ ಒಂದು ಬಾಗಿದರೆ ಪಕ್ಕದ್ದು ಆಸರೆ ಕೊಡಬೇಕು, ನೀರಾವಿ ಒಳಗೆ ಹೋಗಬಾರದು, ಶಾಖಕ್ಕೆ ದಾರಿ ಇರಬಾರದು. ಮೊದಲ ಎರಡಕ್ಕೆ ಬಿಗಿಯಾದ ಲೋಹದ ಹಿಡಿತ ಬೇಕು, ಕೊನೆಯದಕ್ಕೆ ಲೋಹವೇ ಬೇಡ. ದೊಡ್ಡ ಆಸ್ಪತ್ರೆ, ಔಷಧ ಕಾರ್ಖಾನೆಗಳ ಗಾಳಿ ಶುದ್ಧೀಕರಿಸುವ ಯಂತ್ರಗಳ ಪೆಟ್ಟಿಗೆಯಲ್ಲೂ ಇದೇ ತೊಡಕು. ಅಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಪಟ್ಟಿಯನ್ನು ಹೊರಗಿನದು, ಒಳಗಿನದು ಎಂದು ಎರಡು ತುಂಡು ಮಾಡಿ, ನಡುವೆ ಪಾಲಿಯಮೈಡ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಕಚ್ಚಿಸುತ್ತಾರೆ. ಯುರೋಪಿನ ಇಎನ್ 1886 ಮಾನದಂಡ ಇಂಥ ಪೆಟ್ಟಿಗೆಗಳನ್ನು ಶಾಖ ಎಷ್ಟು ದಾಟುತ್ತದೆ ಎಂಬುದರ ಮೇಲೆ ದರ್ಜೆ ಮಾಡುವಾಗ ಇಂಥ ಲೋಹದ ಸೇತುವೆಗಳಿಗೆಂದೇ ಬೇರೆ ದರ್ಜೆ ಇಟ್ಟಿದೆ.

ಬೆಳೆಗಾರ: ಬಿಗಿ ಮಾಡೂದು ಹೆಂಗ್ರಿ ಮತ್ತ? ಬರೇ ಒಂದರಾಗೊಂದು ತುರುಕಿದ್ರ ಬಿಚ್ಚಿಕೊಳ್ಳಂಗಿಲ್ಲೇನು?

ಎಂಜಿನಿಯರ್: ಅದಕ್ಕೆ ಕ್ಯಾಮ್‌ಲಾಕ್. ಒಂದು ಪ್ಯಾನಲ್‌ನ ಅಂಚಿನ ನೊರೆಯೊಳಗೆ ಸಣ್ಣ ಪೆಟ್ಟಿಗೆ ಹುದುಗಿರುತ್ತದೆ. ಅದರಲ್ಲಿ ತಿರುಗುವ ಒಂದು ಕೊಕ್ಕೆ. ಪಕ್ಕದ ಪ್ಯಾನಲ್‌ನಲ್ಲಿ ಅದೇ ಎತ್ತರಕ್ಕೆ ಅಡ್ಡ ಕಡ್ಡಿ. ಒಳಮೈಯ ಸಣ್ಣ ತೂತಿನಿಂದ ಆರು ಮೂಲೆಯ ಅಲೆನ್ ಕೀ ಹಾಕಿ ತಿರುಗಿಸಿದರೆ ಕೊಕ್ಕೆ ಹೊರಬಂದು ಕಡ್ಡಿಯನ್ನು ಹಿಡಿಯುತ್ತದೆ. ಕೊಕ್ಕೆಯ ಬಾಗು ಅದರ ತಿರುಗುಬಿಂದುವಿನಿಂದ ಸಮದೂರದಲ್ಲಿ ಇರುವುದಿಲ್ಲ. ತಿರುಗಿದಷ್ಟೂ ಕಡ್ಡಿ ಹತ್ತಿರ ಬರುತ್ತದೆ, ಎರಡು ಅಂಚುಗಳ ನಡುವಿನ ಗ್ಯಾಸ್ಕೆಟ್ ಅದುಮಿಕೊಳ್ಳುತ್ತದೆ. ಗ್ಯಾಸ್ಕೆಟ್ ಅದುಮಿದ ಮೇಲೂ ಜೋರು ಮಾಡಿ ತಿರುಗಿಸಿದರೆ ಲಾಕಿನ ಪೆಟ್ಟಿಗೆಯೇ ನೊರೆಯಿಂದ ಕಿತ್ತು ಸಡಿಲವಾಗುತ್ತದೆ. ಅದು ಹೊರಗಿನಿಂದ ಕಾಣುವುದಿಲ್ಲ, ಆ ಜಾಗ ಮಾತ್ರ ಮುಂದೆ ಎಂದೂ ಬಿಗಿಯಾಗುವುದಿಲ್ಲ.

ಕ್ಯಾಮ್‌ಲಾಕ್ ಸಣ್ಣ, ಮಧ್ಯಮ ಕೋಣೆಗಳಿಗೆ ಸರಿ. ಎತ್ತರದ ದೊಡ್ಡ ಕೋಣೆಗಳಲ್ಲಿ ಉದ್ದ ಪ್ಯಾನಲ್‌ಗಳನ್ನು ಬರೀ ನಾಲಿಗೆ ಮತ್ತು ಕಚ್ಚಿನಿಂದ ಕೂಡಿಸಿ, ಹಿಂದಿನ ಉಕ್ಕಿನ ಚೌಕಟ್ಟಿಗೆ ಬೋಲ್ಟ್ ಹಾಕುತ್ತಾರೆ. ಅಲ್ಲಿ ಬಿಗಿ ಬರುವುದು ಜೋಡಿಸುವವರ ಕೈಯಿಂದ. ಬುಡದ ಯು ಚಾನಲ್ ಲೆವೆಲ್ಲಿಗೆ ಕೂತಿರಬೇಕು, ಮೊದಲ ಮೂಲೆಯ ಪ್ಯಾನಲ್ ತೂಗುಗುಂಡಿಗೆ ನೆಟ್ಟಗೆ ನಿಂತಿರಬೇಕು. ಪ್ರತಿ ಜೋಡಿನಲ್ಲಿ 1 ಮಿಲಿಮೀಟರ್ ಹೆಚ್ಚು ಸಂದಿ ಬಿಟ್ಟರೂ 30 ಪ್ಯಾನಲ್‌ಗಳ ಸಾಲಿನ ಕೊನೆಗೆ ಸುಮಾರು 30 ಮಿಲಿಮೀಟರ್ ಕೂಡಿ, ಕೊನೆಯ ಪ್ಯಾನಲ್ ಕೂರುವುದಿಲ್ಲ. ಆಗ ಅದರ ಗಂಡು ಅಂಚನ್ನು ಗರಗಸದಿಂದ ಕತ್ತರಿಸಿ ಮೇಲೊಂದು ತಗಡಿನ ಪಟ್ಟಿ ಹೊಡೆದು ಮುಚ್ಚುವುದುಂಟು. ಹಾಗೆ ಮುಚ್ಚಿದ ಜೋಡು ಅಲ್ಲಿಗೆ ಕೆಟ್ಟಂತೆ.

ಬೆಳೆಗಾರ: ನೀರಾವಿ ಅಂದ್ರಲ್ಲ, ಅದು ಇಲ್ಲಿ ಯಾಕ್ರಿ? ಬರಗಾಲದ ನಾಡು ಇದು. ಹಿರ್ಯಾರು ಜ್ವಾಳಾ ನೆಲದಾಗಿನ ಹಗೇವಿನಾಗ ಹಾಕಿ ವರ್ಷಗಟ್ಟಲೆ ಇಡತಿದ್ರು, ಹಸಿ ಆಗತಿರಲಿಲ್ಲ.

ಎಂಜಿನಿಯರ್: ಹಗೇವಿನಲ್ಲಿ ಒಳಗೂ ಹೊರಗೂ ಉಷ್ಣತೆಯ ವ್ಯತ್ಯಾಸ ಕಡಿಮೆ. ತಂಪು ಕೋಣೆಯ ಸಂಗತಿ ಬೇರೆ. ಮಾರ್ಚ್–ಏಪ್ರಿಲ್‌ನ ಒಣಗಾಳಿಯಲ್ಲಿ ಚಿಂತೆ ಕಡಿಮೆ ಎಂಬುದು ನಿಜ. ಜುಲೈ, ಆಗಸ್ಟ್, ಸೆಪ್ಟೆಂಬರ್‌ನ ಮೋಡದ ದಿನ ತೆಗೆದುಕೊಳ್ಳಿ. ಮಣೂಕ ಆಗಲೂ ಕೋಣೆಯಲ್ಲೇ ಇರುತ್ತದಲ್ಲ?

ಬೆಳೆಗಾರ: ಹೌದ್ರಿ. ದೀಪಾವಳಿ ಹೊತ್ತಿಗೆ ರೇಟ್ ಬರತೈತಂತ ಕಾಯತಾರ.

ಎಂಜಿನಿಯರ್: ಅಂಥ ದಿನ ಹೊರಗೆ 28 ಡಿಗ್ರಿ, ಶೇಕಡಾ 80 ತೇವ ಇದ್ದರೆ ಆ ಗಾಳಿ 24 ಡಿಗ್ರಿಗೆ ತಂಪಾದರೂ ಸಾಕು, ನೀರು ಬಿಡತೊಡಗುತ್ತದೆ. ಕೋಣೆಯೊಳಗೆ 4 ಡಿಗ್ರಿ. ಹೊರಗಿನ ನೀರಾವಿಯ ಒತ್ತಡ ಒಳಗಿನದಕ್ಕಿಂತ ಸುಮಾರು ನಾಲ್ಕು ಪಟ್ಟು. ಹಾಗಾಗಿ ಆವಿ ಹಗಲೂ ರಾತ್ರಿ ಒಳಮುಖವಾಗಿ ತಳ್ಳುತ್ತದೆ. ಪ್ಯಾನಲ್‌ನ ಉಕ್ಕಿನ ಮೈಯನ್ನು ಅದು ದಾಟಲಾರದು, ಉಳಿದಿರುವ ದಾರಿ ಜೋಡು ಮಾತ್ರ. ಸಂದಿಯಲ್ಲಿ ನುಸುಳಿದ ಆವಿ ನಡುದಾರಿಯಲ್ಲೇ ತಂಪಾಗಿ ಹನಿಯಾಗುತ್ತದೆ, ನೊರೆಯ ಕತ್ತರಿಸಿದ ಮೈಯನ್ನು ನೆನೆಸುತ್ತದೆ. ನೀರು ಈ ನೊರೆಗಿಂತ 25 ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ಶೂನ್ಯಕ್ಕಿಂತ ಕೆಳಗಿನ ಕೋಣೆಗಳಲ್ಲಿ ಅದೇ ನೀರು ಮಂಜುಗಡ್ಡೆಯಾಗಿ, ಆಗ ಸುಮಾರು 100 ಪಟ್ಟು ಸಾಗಿಸುತ್ತದೆ. ಜೊತೆಗೆ ಉಬ್ಬಿ ಅಂಚನ್ನೇ ಬಿಡಿಸುತ್ತದೆ.

ಆದ್ದರಿಂದ ಸೀಲ್ ಯಾವ ಕಡೆ ಎನ್ನುವುದು ಮುಖ್ಯ. ಮುಖ್ಯ ಸೀಲ್ ಬಿಸಿ ಕಡೆಗೆ, ಅಂದರೆ ಹೊರಮೈ ಕಡೆಗೆ ಇರಬೇಕು. ಜೋಡಿಸುವ ಮುನ್ನವೇ ಹೆಣ್ಣು ಅಂಚಿನ ಹೊರ ತುಟಿಯೊಳಗೆ ಬ್ಯುಟೈಲ್ ಮೇಣ ಕಡಿಯದೆ ಉದ್ದಕ್ಕೂ ಹಚ್ಚಿ, ನಂತರ ಪ್ಯಾನಲ್ ತಳ್ಳಬೇಕು. ಒಳಮೈಯ ಸಿಲಿಕಾನ್ ಸ್ವಚ್ಛತೆಗೆ ಮಾತ್ರ, ಧೂಳು, ಬೂಸ್ಟು ಸೇರದಿರಲಿ ಎಂದು. ಎಷ್ಟೋ ಕಡೆ ಒಳಗೆ ನೀಟಾಗಿ ಬಿಳಿ ಗೆರೆ ಎಳೆದು ಹೊರಗೆ ಬಿಟ್ಟಿರುತ್ತಾರೆ, ಯಾಕೆಂದರೆ ಮಾಲಕರು ಬಂದು ನೋಡುವುದು ಒಳಗೆ. ಹಾಗೆ ಮಾಡಿದರೆ ಹೊರಗಿನಿಂದ ಬಂದ ಆವಿ ಕೋಣೆಯ ಒಳಕ್ಕೂ ದಾರಿಯಿಲ್ಲದೆ ಜೋಡಿನಲ್ಲೇ ಉಳಿಯುತ್ತದೆ. ಒಳಗೆ ಬಂದಿದ್ದರೆ ಕನಿಷ್ಠ ತಂಪು ಮಾಡುವ ಯಂತ್ರದ ಕಾಯಿಲ್ ಮೇಲೆ ಹನಿಯಾಗಿ ಡ್ರೈನಿಗೆ ಹೋಗುತ್ತಿತ್ತು.

ಬೆಳೆಗಾರ: ಇಂಡಿ ಲಿಂಬಿಗೆ ಜಿಐ ಮಾನ್ಯತಾ ಬಂದ ಮ್ಯಾಲೆ ಅದನ್ನೂ ಇಡೂದು ಆಗಬೇಕಂತ ಮಾತು ನಡದೈತಿ. ಅದ ಕೋಣ್ಯಾಗ ಒಂದು ಕಡೆ ಮಣೂಕ, ಒಂದು ಕಡೆ ಲಿಂಬಿ ಇಟ್ರ?

ಎಂಜಿನಿಯರ್: ಒಂದೇ ಕೋಣೆಯಲ್ಲಿ ಆಗದು. ಲಿಂಬೆಗೆ 8ರಿಂದ 10 ಡಿಗ್ರಿ, ಶೇಕಡಾ 85ರಿಂದ 90 ತೇವ ಬೇಕು. ಅದಕ್ಕಿಂತ ತಂಪಾದರೆ ಸಿಪ್ಪೆಯ ಮೇಲೆ ಕಂದು ಗುಳಿ ಬೀಳುತ್ತದೆ. ಮಣೂಕಕ್ಕೆ ಅಷ್ಟು ತೇವ ಹಾನಿ, ಹಣ್ಣು ನೀರು ಹೀರಿ ಅಂಟುತ್ತದೆ. ನಡುವೆ ಅಡ್ಡಗೋಡೆ ಬೇಕು. ಆ ಅಡ್ಡಗೋಡೆಯ ಬಿಸಿ ಕಡೆ ಯಾವುದು? ಲಿಂಬೆಯ ಕಡೆ. ಮುಖ್ಯ ಸೀಲ್ ಅಲ್ಲಿಗೆ. ಉಷ್ಣತೆಯ ವ್ಯತ್ಯಾಸ ಐದಾರು ಡಿಗ್ರಿ ಮಾತ್ರ ಎಂದು ತೆಳು ಪ್ಯಾನಲ್ ಹಾಕುತ್ತಾರೆ, ಸರಿ. ಆದರೆ ಜೋಡಿನಲ್ಲಿ ರಿಯಾಯಿತಿ ಇಲ್ಲ, ತೇವದ ವ್ಯತ್ಯಾಸ ದೊಡ್ಡದು.

ಇನ್ನು ಬಿಸಿಲಿನ ಸಂಗತಿ. ಇದನ್ನು ಈ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕು. ಪ್ಯಾನಲ್ ಗೋಡೆಯ ಮೇಲೆ ನೇರ ಬಿಸಿಲು ಬಿದ್ದರೆ ಹೊರ ತಗಡು 60 ಡಿಗ್ರಿ ಮುಟ್ಟಬಲ್ಲದು, ಒಳ ತಗಡು 4 ಡಿಗ್ರಿಯಲ್ಲೇ ಇರುತ್ತದೆ. 6 ಮೀಟರ್ ಎತ್ತರದ ಪ್ಯಾನಲ್‌ನಲ್ಲಿ ಹೊರ ತಗಡು ಒಳಗಿನದಕ್ಕಿಂತ 4 ಮಿಲಿಮೀಟರ್ ಉದ್ದವಾಗಲು ನೋಡುತ್ತದೆ. ನಡುವಿನ ನೊರೆ ಎರಡನ್ನೂ ಹಿಡಿದುಕೊಂಡಿರುವುದರಿಂದ ಪ್ಯಾನಲ್ ಹೊರಕ್ಕೆ ಬಾಗುತ್ತದೆ. ತಲೆ ಬುಡ ಮಾತ್ರ ಹಿಡಿದಿದ್ದು ನಡುವೆ ತಡೆಯಿಲ್ಲದಿದ್ದರೆ 100 ಮಿಲಿಮೀಟರ್ ಪ್ಯಾನಲ್‌ನ ನಡುಭಾಗ ಸುಮಾರು 30 ಮಿಲಿಮೀಟರ್ ಹೊರಕ್ಕೆ ಬರುತ್ತದೆ.

ಬೆಳೆಗಾರ: ಮೂರು ಸೆಂಟಿಮೀಟರ್! ಎಲ್ಲಾ ಪ್ಯಾನಲ್ ಕೂಡೇ ಬಾಗಿದ್ರ ಜೋಡಿಗೇನು ಆಗತೈತ್ರಿ?

ಎಂಜಿನಿಯರ್: ಸಾಲಿನ ನಡುವಿನ ಜೋಡುಗಳಿಗೆ ಅಷ್ಟಾಗಿ ಏನೂ ಆಗದು, ನಾಲಿಗೆ ಕಚ್ಚಿನಲ್ಲಿ ಕೂತು ಎರಡೂ ಒಟ್ಟಿಗೆ ಬಾಗುತ್ತವೆ. ಹರಿಯುವುದು ಮೂಲೆ. ಪಡುವಣ ಗೋಡೆ ಸಂಜೆ ಬಿಸಿಲಿಗೆ ಉಬ್ಬಿದೆ, ಅದಕ್ಕೆ ಕೂಡಿದ ಬಡಗಣ ಗೋಡೆ ನೆರಳಿನಲ್ಲಿದೆ. ಮೂಲೆಯಲ್ಲಿ ಎರಡನ್ನೂ ರಿವೆಟ್ ಹೊಡೆದು ಕೂಡಿಸಿದ್ದರೆ ಪ್ರತಿದಿನ ಒಂದು ಎಳೆಯುತ್ತದೆ, ಒಂದು ತಡೆಯುತ್ತದೆ. ಮೊದಲು ಸಿಲಿಕಾನ್ ಬಿಡುತ್ತದೆ, ಆಮೇಲೆ ರಿವೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಇದಕ್ಕೆ ಒಳ್ಳೆಯ ಮದ್ದು ನೆರಳು. ಪ್ಯಾನಲ್ ಕೋಣೆಯನ್ನು ತಗಡಿನ ಶೆಡ್ಡಿನ ಒಳಗೆ, ಸುತ್ತಲೂ ಗಾಳಿಯಾಡುವಷ್ಟು ಜಾಗ ಬಿಟ್ಟು ನಿಲ್ಲಿಸುವುದು. ಶೆಡ್ಡಿನ ಖರ್ಚು ಉಳಿಸಲು ಹೋಗಿ ಪ್ಯಾನಲನ್ನೇ ಹೊರಗೋಡೆ ಮಾಡಿದ ಕಡೆ ಮೂಲೆಗಳನ್ನು ವರ್ಷವರ್ಷ ತಿದ್ದುತ್ತ ಇರಬೇಕಾಗುತ್ತದೆ.

ಬೆಳೆಗಾರ: ಕೂಡಗಿ ಥರ್ಮಲ್‌ದಾಗ ಇದಕ್ಕಿಂತ ದೊಡ್ಡ ದೊಡ್ಡ ತಗಡಿನ ಡಕ್ಟ್ ಅದಾವಲ್ರಿ. ಅವು ಹೆಂಗ ತಡಕೋತಾವ?

ಎಂಜಿನಿಯರ್: ಕೂಡಗಿಯಲ್ಲಿ ಎನ್‌ಟಿಪಿಸಿಯ 800 ಮೆಗಾವ್ಯಾಟ್‌ನ ಮೂರು ಘಟಕಗಳಿವೆ. ಅಂಥ ಕಲ್ಲಿದ್ದಲು ಸ್ಥಾವರಗಳ ಹೊಗೆ ಡಕ್ಟ್‌ನ ಉಕ್ಕಿನ ಗೋಡೆಗಳನ್ನು ಬೆಸೆಯುತ್ತಾರೆ, ಕಚ್ಚು ಜೋಡು ಅಲ್ಲಿ ನಡೆಯದು. ಹಿಗ್ಗುವಿಕೆಗೆ ನಡುನಡುವೆ ಮಡಿಕೆಯ ಮೆತ್ತನೆ ತುಂಡು ಇಡುತ್ತಾರೆ. ಡಕ್ಟ್ 120 ಡಿಗ್ರಿ ಹೆಚ್ಚು ಬಿಸಿಯಾದರೆ ಪ್ರತಿ 10 ಮೀಟರ್‌ಗೆ 14 ಮಿಲಿಮೀಟರ್ ಹಿಗ್ಗುತ್ತದೆ. ಅದರ ಮೇಲೆ ಹೊದಿಸಿದ ಖನಿಜ ಉಣ್ಣೆ, ಉಣ್ಣೆಯ ಮೇಲಿನ ಹೊರತಗಡು ಮಾತ್ರ ಒಂದರ ಮೇಲೊಂದು ಏರಿ ಕೂಡುತ್ತವೆ, ಮಳೆನೀರು ಇಳಿದುಹೋಗುವ ಹಾಗೆ ಮೇಲಿನದು ಕೆಳಗಿನದನ್ನು ಮುಚ್ಚಿಕೊಂಡು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಹೊದಿಕೆಯಲ್ಲೂ ಇದೇ ಕ್ರಮ.

ಕಚ್ಚು ಜೋಡಿನ ಬಲ ನೋಡಬೇಕಾದರೆ ನೀರಿನ ಕಡೆ ಹೋಗಬೇಕು. ಹೊಳೆಯಲ್ಲಿ ಸೇತುವೆ ಕಂಬ ಹಾಕುವಾಗ ಸುತ್ತ ಉಕ್ಕಿನ ಹಾಳೆಗಳನ್ನು ಒಂದರ ಪಕ್ಕ ಒಂದು ನೆಲಕ್ಕೆ ಬಡಿದು ನೀರು ತಡೆಯುತ್ತಾರೆ. ಹಾಳೆಯ ಅಂಚಿನಲ್ಲೇ ಕೊಕ್ಕೆ ಇದ್ದು, ಹೊಸ ಹಾಳೆ ಹಳೆಯದರ ಕೊಕ್ಕೆಯಲ್ಲಿ ಜಾರಿಕೊಂಡು ಕೆಳಗಿಳಿಯುತ್ತದೆ. 1902ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಟ್ರಿಗ್ವೆ ಲಾರ್ಸೆನ್ ಎಂಬ ಸರ್ಕಾರಿ ಎಂಜಿನಿಯರ್ ಈ ಬಗೆಯ ಹಾಳೆಯನ್ನು ರೂಪಿಸಿದರು. ಆ ಕೊಕ್ಕೆ ಮೊದಲು ತುಸು ಸೋರುತ್ತದೆ, ಆಮೇಲೆ ಹೂಳು ತುಂಬಿ ಬಿಗಿಯಾಗುತ್ತದೆ. ಸಡಿಲಿಕೆ ಇದ್ದದ್ದರಿಂದಲೇ ಹಾಳೆ ಸಿಕ್ಕಿಕೊಳ್ಳದೆ ಇಳಿಯುತ್ತದೆ. ಅಂಚಿನಲ್ಲಿ ಎಷ್ಟು ಸಡಿಲ ಬಿಡಬೇಕು ಎಂಬುದು ಇಂಥ ಎಲ್ಲ ಕೆಲಸದಲ್ಲೂ ಮೊದಲು ತೀರ್ಮಾನಿಸಬೇಕಾದ ಸಂಗತಿ.

ಬೆಳೆಗಾರ: ತುಂಗಭದ್ರಾ ಡ್ಯಾಮಿನ ಗೇಟ್ ಹರಿದಾಗ ತುಂಡು ತುಂಡು ಇಳಿಸಿ ನೀರು ನಿಲ್ಲಿಸಿದ್ರಲ್ರಿ?

ಎಂಜಿನಿಯರ್: ಅದು ಸ್ಟಾಪ್‌ಲಾಗ್. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ, ಹರಿಯುವ ನೀರಿನಲ್ಲೇ, 60 ಅಡಿ ಅಗಲದ ಐದು ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಐದನ್ನೂ ಕೂರಿಸಿದರು. ಆಲಮಟ್ಟಿಯಂಥ ಯಾವ ಅಣೆಕಟ್ಟೆಗೂ ಗೇಟ್ ದುರಸ್ತಿಗೆ ಈ ಬಗೆಯ ತುಂಡುಗಳೇ ಬೇಕು. ಎರಡು ತುಂಡುಗಳ ನಡುವೆ ರಬ್ಬರ್ ಸೀಲ್. ಮೇಲಿನ ತುಂಡಿನ ಭಾರ ರಬ್ಬರನ್ನು ಅದುಮುತ್ತದೆ, ನೀರಿನ ಒತ್ತಡ ತುಂಡನ್ನು ಕಂಬದ ಕಚ್ಚಿಗೆ ಒರಗಿಸುತ್ತದೆ. ಅಲ್ಲಿ ಹೊರೆಯೇ ಜೋಡನ್ನು ಮುಚ್ಚುತ್ತದೆ. ತಂಪು ಕೋಣೆಗೆ ಆ ಅನುಕೂಲವಿಲ್ಲ. ಒತ್ತುವ ಶಕ್ತಿಯನ್ನು ಕ್ಯಾಮ್‌ಲಾಕ್ ಇಲ್ಲವೇ ಬೋಲ್ಟ್ ಕೊಡಬೇಕು.

ಬೆಳೆಗಾರ: ಹಂಗಿದ್ರ ಗಾಳೀನೂ ಆಡದಂಗ ಬಿಗಿ ಮಾಡಿಬಿಟ್ರ ಮುಗೀತಲ್ರಿ.

ಎಂಜಿನಿಯರ್: ಬಿಗಿ ಮಾಡಿದ ಕೋಣೆಗೆ ಒಂದು ಉಸಿರು ಬೇಕು. ಮೊದಲ ಸಲ ಯಂತ್ರ ಚಾಲೂ ಮಾಡಿ 35 ಡಿಗ್ರಿಯ ಗಾಳಿಯನ್ನು 4 ಡಿಗ್ರಿಗೆ ಇಳಿಸಿದಾಗ ಗಾಳಿ ಕುಗ್ಗುತ್ತದೆ. ಒಂದಿಷ್ಟೂ ಸೋರದಿದ್ದರೆ ಒಳಗಿನ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿ, ಹೊರಗಿನ ಗಾಳಿ ಪ್ರತಿ ಚದರ ಮೀಟರ್ ಮೇಲೆ ಹತ್ತಿರಹತ್ತಿರ 1 ಟನ್ ಭಾರ ಹಾಕುತ್ತದೆ. ಯಾವ ಪ್ಯಾನಲ್ಲೂ ಅಷ್ಟು ತಡೆಯದು, ಚಾವಣಿ ಒಳಕ್ಕೆ ಕುಸಿಯುತ್ತದೆ. ಅದಕ್ಕೇ ಒತ್ತಡ ಸಮ ಮಾಡುವ ಸಣ್ಣ ಕವಾಟವನ್ನು ಗೋಡೆಯಲ್ಲಿ ಕೂರಿಸುತ್ತಾರೆ. ಜೋಡುಗಳು ಚೆನ್ನಾಗಿದ್ದಷ್ಟೂ ಕವಾಟದ ಅಗತ್ಯ ಹೆಚ್ಚು. ಉಷ್ಣತೆಯನ್ನು ಒಂದೇ ದಿನದಲ್ಲಿ ಇಳಿಸದೆ ನಿಧಾನವಾಗಿ ಇಳಿಸುವುದೂ ಜೋಡಿಗೆ ಒಳ್ಳೆಯದು.

ಬೆಳೆಗಾರ: ಇಲಿ, ಬೆಂಕಿ ಬಗ್ಗೆ ಹೇಳ್ರಿ. ಕಾಗದದ ಬಾಕ್ಸಿನಾಗ ಮಣೂಕ ಇರತೈತಿ, ಇಲಿ ಬಿಡಂಗಿಲ್ಲ.

ಎಂಜಿನಿಯರ್: ನೊರೆ ಬರಿಮೈಯಾಗಿ ಕಾಣುವ ಜಾಗವೆಲ್ಲ ಇಲಿಗೆ ಬಾಗಿಲು, ಮುಖ್ಯವಾಗಿ ಬುಡ. ಯು ಚಾನಲ್ ಗಟ್ಟಿ ತಗಡಿನದಾಗಿರಬೇಕು, ನೆಲಕ್ಕೂ ಅದಕ್ಕೂ ನಡುವೆ ಸಂದಿ ಇರಬಾರದು, ಗೋಡೆಯುದ್ದಕ್ಕೂ ಸಿಮೆಂಟಿನ ಕಟ್ಟೆ ಹಾಕಿದರೆ ಪೆಟ್ಟಿಗೆ ಸಾಗಿಸುವ ಗಾಡಿಯೂ ಪ್ಯಾನಲ್‌ಗೆ ತಾಗದು. ಬೆಂಕಿಯಂತೂ ದೊಡ್ಡ ಅಪಾಯ. ಪಾಲಿಯುರೆಥೇನ್ ಹತ್ತಿಕೊಳ್ಳುತ್ತದೆ, ದಟ್ಟ ವಿಷದ ಹೊಗೆ ಬಿಡುತ್ತದೆ. ಪ್ಯಾನಲ್ ನಿಂತ ಮೇಲೆ ಹತ್ತಿರದಲ್ಲಿ ಬೆಸುಗೆ ಮಾಡಬಾರದು. ಚೌಕಟ್ಟಿನ ಬೆಸುಗೆ ಮೊದಲೇ ಮುಗಿಸಬೇಕು. ವೈರ್ ಹಾಯಿಸಲು ಜೋಡಿನ ಜಾಗವನ್ನೇ ಕೊರೆಯುವ ಅಭ್ಯಾಸ ಬಿಡಬೇಕು. ಅದು ಸೀಲನ್ನೂ ಕೆಡಿಸುತ್ತದೆ, ವೈರ್ ಬಿಸಿಯಾದರೆ ನೊರೆಗೂ ತಾಗುತ್ತದೆ.

ಬೆಳೆಗಾರ: ಕೆಲಸ ಮುಗದ ಮ್ಯಾಲೆ ಜೋಡು ಚಲೋ ಅದಾವೋ ಇಲ್ಲೋ ಅಂತ ರೈತರಿಗೆ ತಿಳಿಯೂದು ಹೆಂಗ್ರಿ?

ಎಂಜಿನಿಯರ್: ಮಟಮಟ ಮಧ್ಯಾಹ್ನ ಒಳಗೆ ಹೋಗಿ, ದೀಪ ಆರಿಸಿ, ಬಾಗಿಲು ಹಾಕಿಸಿ ಐದು ನಿಮಿಷ ನಿಲ್ಲಬೇಕು. ಬಾಗಿಲು ಒಳಗಿನಿಂದ ತೆಗೆಯಲು ಬರುತ್ತದೆ ಎಂದು ಮೊದಲು ಖಾತ್ರಿ ಮಾಡಿಕೊಂಡು. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಮೂಲೆಯಲ್ಲೋ ಚಾವಣಿ ಕೂಡುವಲ್ಲೋ ಬೆಳಕಿನ ಗೆರೆ ಕಂಡರೆ ಅಲ್ಲಿ ಸಂದಿ ಇದೆ. ಆಮೇಲೆ ಊದಿನಕಡ್ಡಿ ಹಚ್ಚಿ ಜೋಡಿನುದ್ದಕ್ಕೂ ನಿಧಾನವಾಗಿ ಹಿಡಿದು ನಡೆದರೆ, ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಗಾಳಿ ಹಾಯುತ್ತಿದೆ. ಇದನ್ನು ಜೋಡಿಸಿದವರಿಗೆ ಪೂರ್ತಿ ಹಣ ಕೊಡುವ ಮುನ್ನ ಮಾಡಬೇಕು. ಮಳೆಗಾಲದಲ್ಲಿ ಹೊರಮೈ ನೋಡಬೇಕು. ಜೋಡಿನ ಗೆರೆಯುದ್ದಕ್ಕೆ ಮಾತ್ರ ಬೆವರಿನ ಹನಿ ನಿಂತಿದ್ದರೆ ಆ ಗೆರೆ ತಂಪಾಗಿದೆ, ಅಂದರೆ ಒಳಗಿನ ತಂಪು ಅಲ್ಲಿಂದ ಹೋಗುತ್ತಿದೆ. ಅತಿಗೆಂಪು ಥರ್ಮಾಮೀಟರ್ ಇದ್ದರೆ ಪ್ಯಾನಲ್‌ನ ನಡುವೆ ಒಮ್ಮೆ, ಜೋಡಿನ ಮೇಲೆ ಒಮ್ಮೆ ಹಿಡಿದು ನೋಡಬಹುದು. ಎರಡರ ನಡುವೆ ಹೆಚ್ಚು ವ್ಯತ್ಯಾಸ ಬರಬಾರದು. ಕ್ಯಾಮ್‌ಲಾಕಿನ ತೂತುಗಳ ಮುಚ್ಚಳ ಎಣಿಸಬೇಕು, ಬಿದ್ದವನ್ನು ಹಾಕಿಸಬೇಕು.

ಬೆಳೆಗಾರ: ನಾಳೆ ಜಾಗಾ ಬದಲಿ ಮಾಡಬೇಕಾತು, ಇಲ್ಲಾ ಕೋಣಿ ದೊಡ್ಡದು ಮಾಡಬೇಕಾತು ಅಂದ್ರ?

ಎಂಜಿನಿಯರ್: ಕ್ಯಾಮ್‌ಲಾಕ್ ಪ್ಯಾನಲ್‌ಗಳನ್ನು ಬಿಚ್ಚಿ ಬೇರೆ ಕಡೆ ನಿಲ್ಲಿಸಬಹುದು. ಕೀಲಿ ಹಿಂದಕ್ಕೆ ತಿರುಗಿಸುವ ಮೊದಲು ಸಿಲಿಕಾನನ್ನು ಚಾಕುವಿನಿಂದ ಸೀಳಬೇಕು, ಇಲ್ಲದಿದ್ದರೆ ಅದು ಬಣ್ಣವನ್ನು ಕಿತ್ತುಕೊಂಡು ಬರುತ್ತದೆ. ಪ್ಯಾನಲ್‌ಗೆ ನಂಬರ್ ಬರೆದು, ನಾಲಿಗೆ ಮುರಿಯದಂತೆ ಅಂಚಿಗೆ ಮೆತ್ತೆ ಕಟ್ಟಿ ಸಾಗಿಸಬೇಕು. ಹೊಸ ಜಾಗದಲ್ಲಿ ಹಳೆಯ ಗ್ಯಾಸ್ಕೆಟ್ ಬಳಸಬಾರದು. ಒಮ್ಮೆ ಅದುಮಿಕೊಂಡ ರಬ್ಬರ್ ಪೂರ್ತಿ ಮೇಲೇಳುವುದಿಲ್ಲ. ಪ್ಯಾನಲ್ ಎತ್ತಿದಾಗ ಪಕ್ಕದವಕ್ಕಿಂತ ಭಾರ ಅನಿಸಿದರೆ ಅದರ ನೊರೆ ನೀರು ಕುಡಿದಿದೆ ಎಂದರ್ಥ. ಅಂಥದನ್ನು ತಂಪಿನ ಗೋಡೆಗೆ ಬಳಸದೆ ಯಂತ್ರದ ಕೋಣೆಯ ಅಡ್ಡಗೋಡೆಗೆ ಹಾಕಿಕೊಳ್ಳಬಹುದು. ಬರೀ ನಾಲಿಗೆ–ಕಚ್ಚಿನ ಉದ್ದ ಪ್ಯಾನಲ್‌ಗಳನ್ನಾದರೆ ಕೊನೆಯಿಂದ ಒಂದೊಂದಾಗಿ ಬಿಚ್ಚುತ್ತ ಬರಬೇಕು, ನಡುವಿನ ಒಂದನ್ನೇ ತೆಗೆಯಲು ಆಗುವುದಿಲ್ಲ. ಆದ್ದರಿಂದ ಮುಂದೆ ಕೋಣೆ ಹಿಗ್ಗಿಸುವ ಯೋಚನೆ ಇದ್ದರೆ, ಯಾವ ಗೋಡೆ ಸರಿಯಬೇಕೋ ಆ ಕಡೆಯ ಮೂಲೆಯನ್ನು ಕೊನೆಗೆ ಮುಚ್ಚುವಂತೆ ಮೊದಲ ದಿನವೇ ಜೋಡಿಸುವ ಕ್ರಮ ಇಟ್ಟುಕೊಳ್ಳಬೇಕು.